ಹೋಟೆಲಿನಣ್ಣನ ಧಾಟಿ

ಸ್ವಂತ ಹಾಡು ಕಟ್ಟುವ ನಾಲ್ಕು ಜನ ಒಂದೆಡೆ ಸೇರಿದರೆ ಏನಾದರೊಂದು ಎಡವಟ್ಟಾಗದೆ ಭಾನುವಾರ ಮುಗಿಯುವುದಿಲ್ಲ. ನಮ್ಮಲ್ಲಿ ಹಾಗೇ ಆಗುತ್ತ ಬಂದಿದೆ. ಮೊದಲು ನಾವು ಯಾರೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಒಬ್ಬರು ಸಾಂತಾಕ್ರೂಜ್‌ನಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯ ಅಣ್ಣ. ಮಧ್ಯಾಹ್ನದ ಊಟದವರು ಹೋಗಿ ಸಂಜೆಯ ಚಹಾದವರು ಬರುವುದರೊಳಗೆ ನಾವು ಸೇರುವುದು ಅವರ ಹೋಟೆಲಿನ ಅಟ್ಟದಲ್ಲಿ. ಇನ್ನೊಬ್ಬರು ಬೈಕುಲ್ಲಾದ ಅಕ್ಕೋರು. ಧಾರವಾಡದ ಕಡೆ ಶಾಲೆ ಕಲಿಸುವ ಹೆಂಗಸರನ್ನು ಹಾಗೆ ಕರೆಯುತ್ತಾರೆ. ಇವರು ಈಗ ನಿವೃತ್ತರು, ಆದರೆ ದನಿ ನಿವೃತ್ತವಾಗಿಲ್ಲ. ಮೂರನೆಯವನು ಮುಂಬಯಿಯಲ್ಲೇ ಹುಟ್ಟಿ, ಲ್ಯಾಪ್‌ಟಾಪಿನಲ್ಲಿ ಸಂಗೀತ ಮಾಡುವ ತರುಣ. ನಾಲ್ಕನೆಯವನು ನಾನು. ಮೈಸೂರಿನವನು, ಮನೆ ಭಾಂಡುಪ್‌ನಲ್ಲಿ, ಕೆಲಸ ಫೋರ್ಟ್ ಕಡೆಯ ಒಂದು ಆಫೀಸಿನಲ್ಲಿ.

ನಮ್ಮದೊಂದು ನಿಯಮವಿದೆ. ಒಬ್ಬರು ಹಾಡಿದ ಹೊಸ ಧಾಟಿಯನ್ನು ಮುಂದಿನ ಭಾನುವಾರ ಇನ್ನೊಬ್ಬರು ನೆನಪಿನಿಂದ ಗುನುಗಿದರೆ ಅದು ಪಾಸು. ಕೇಳುವವರು ಫೋನಿನಲ್ಲಿ ಹಿಡಿದಿಟ್ಟುಕೊಳ್ಳುವಂತಿಲ್ಲ. ಹಿಡಿದಿಟ್ಟರೆ ಕೆಟ್ಟ ಧಾಟಿಯೂ ನೆನಪಿರುತ್ತದೆ. ಈವರೆಗೆ ಯಾರದೂ ಪಾಸಾಗಿರಲಿಲ್ಲ. ಈ ಮಳೆಗಾಲದಲ್ಲಿ ಅಣ್ಣನಿಗೆ ಮಾತ್ರ ಅವಸರವಿತ್ತು. ಗಂಟಲಲ್ಲಿ ಗಂಟು, ಆಪರೇಷನ್ ಆಗಬೇಕು, ಆಮೇಲೆ ಹಾಡಲು ಬರುತ್ತದೋ ಇಲ್ಲವೋ ಹೇಳಲಾಗದು ಎಂದಿದ್ದರಂತೆ ಡಾಕ್ಟರು. ಅಷ್ಟರಲ್ಲಿ ತಮ್ಮದೊಂದು ಧಾಟಿಯಾದರೂ ಪಾಸಾಗಲಿ ಎಂಬುದು ಅವರ ಆಸೆ. ಇದನ್ನು ಅವರು ‘ಇವತ್ತು ಕೊಬ್ಬರಿ ಚಟ್ನಿ ಮುಗಿದಿದೆ’ ಎನ್ನುವ ದನಿಯಲ್ಲೇ ಹೇಳಿದರು. ನಮಗೆ ಮಾತ್ರ ಆ ದಿನ ಇಡ್ಲಿ ಇಳಿಯಲಿಲ್ಲ.

ಒಳ್ಳೆಯ ಮಾತು

ತಪ್ಪು ಹೇಳುವ ಮೊದಲು ಒಂದಾದರೂ ಒಳ್ಳೆಯ ಮಾತು ಹೇಳಬೇಕು ಎಂಬುದು ನಮ್ಮ ಇನ್ನೊಂದು ಪದ್ಧತಿ. ಹೊಸಬರು ಹೆದರಿ ಓಡಬಾರದೆಂದು ಮಾಡಿಕೊಂಡದ್ದು. ಹೊಸಬರು ಯಾರೂ ಬರಲಿಲ್ಲ, ಅದು ಬೇರೆ ವಿಷಯ. ಅಣ್ಣನ ಸುದ್ದಿ ಕೇಳಿದ ಭಾನುವಾರ ಹಾಡುವ ಸರದಿ ನನ್ನದಿತ್ತು. ಭಾಂಡುಪ್‌ನ ಮುಚ್ಚಿದ ಕಾರ್ಖಾನೆಗಳ ಮೇಲೆ ಇಳಿಯುವ ಸಂಜೆಯ ಬಗ್ಗೆ ಹಾರ್ಮೋನಿಯಂ ಪೆಟ್ಟಿಗೆ ಹಿಡಿದು ಹಾಡಿದೆ. ಹಾಡು ಸ್ವಲ್ಪ ಉದ್ದ. ಮುಗಿದ ಮೇಲೆ ಎಲ್ಲರೂ ಅಕ್ಕೋರ ಮುಖ ನೋಡಿದರು. ಅವರು ಕಿಟಕಿಯಾಚೆ ಮಳೆ ನೋಡಿದರು, ಸೆರಗು ಸರಿಮಾಡಿಕೊಂಡರು, ನೀರು ಕುಡಿದರು. ಪ್ರಾಮಾಣಿಕ ಹೆಂಗಸು, ಸುಳ್ಳು ಬಾಯಿಗೆ ಬರುವುದಿಲ್ಲ. ಕೊನೆಗೆ ಹೇಳಿದರು:

“ಪೆಟ್ಟಿಗಿ ಛಲೋ ಅದ ರೀ. ಎಲ್ಲಿ ತಗೊಂಡ್ರಿ?”

ಕೆಳಗಿನ ಶ್ರುತಿ

ಮುಂದಿನ ವಾರ ತರುಣ ತನ್ನದನ್ನು ಕೇಳಿಸಿದ. ತೀರಿಹೋದ ಅಜ್ಜಿಯ ನೆನಪಿಗೆ ಮಾಡಿದ್ದು. ಅಜ್ಜಿ ಕನ್ನಡದಲ್ಲಿ ಮಾತಾಡಿಸಿದರೆ ಇವನು ಹಿಂದಿಯಲ್ಲಿ ಉತ್ತರಿಸುತ್ತಿದ್ದನಂತೆ. ಅದಕ್ಕೇ ಮಾತಿಲ್ಲದ ಸಂಗೀತ. ನಾವು ಕಣ್ಣು ಮುಚ್ಚಿ ಕೇಳಿದೆವು. ಮೇಲೆ ಸಣ್ಣ ಕೊಳಲಿನಂಥ ದನಿ, ಕೆಳಗೆ ಗೂಂ ಎಂದು ಬಿಡದೆ ಹರಿಯುವ ಶ್ರುತಿ. ಅಜ್ಜಿ ಒಳಗಿನ ಕೋಣೆಯಲ್ಲಿ ಕೂತು ಏನೋ ಗೊಣಗುತ್ತಿರುವ ಹಾಗಿತ್ತು. ಆ ಕೆಳಗಿನ ಶ್ರುತಿಯೇ ಇದರ ಜೀವ ಎಂದೆ. ಅಕ್ಕೋರೂ ಹೌದೆಂದರು. ತರುಣ ಗಲಿಬಿಲಿಗೊಂಡ.

“ಅಂಕಲ್, ನನ್ನದರಲ್ಲಿ ಶ್ರುತಿ ಹೈ ಹೀ ನಹೀ.”

“ಅದು ನಮ್ಮ ಗ್ರೈಂಡರ್ ಮಾರಾಯ್ರೆ,” ಎಂದರು ಅಣ್ಣ. “ನಾಳೆಯ ಇಡ್ಲಿಗೆ ಅಕ್ಕಿ ಹಾಕಿದ್ದು.”

ಅಷ್ಟರಲ್ಲಿ ಕೆಳಗೆ ಗ್ರೈಂಡರ್ ನಿಂತಿತು. ಅದಿಲ್ಲದೆ ಮತ್ತೊಮ್ಮೆ ಹಾಕಿ ಕೇಳಿದರೆ ಸಂಗೀತ ಬೋಳಾಗಿತ್ತು. ತರುಣನಿಗೂ ಹಾಗೇ ಅನ್ನಿಸಿರಬೇಕು. ಇನ್ನಷ್ಟು ಅಕ್ಕಿ ನೆನೆಸಿದ್ದು ಇದೆಯೇ ಎಂದು ಅಣ್ಣನನ್ನು ಕೇಳಿದ.

ಬೆಳಗಿನ ಲೋಕಲ್

ಅದೇ ದಿನ ಕೊನೆಗೆ ಅಣ್ಣ ತಮ್ಮ ಧಾಟಿ ಹಾಡಿದರು. ದನಿ ಒಡೆದಿತ್ತು, ನಡುನಡುವೆ ನಿಂತು ಉಗುಳು ನುಂಗುತ್ತಿದ್ದರು. ಇದನ್ನು ಹೇಗಾದರೂ ನೆನಪಿಡಬೇಕೆಂದು ನಾನು ರಾತ್ರಿಯೂಟದಲ್ಲೂ ಗುನುಗಿದೆ. ಸೋಮವಾರ ಲೋಕಲ್ ಹತ್ತಿ, ನೂಕುನುಗ್ಗಲಲ್ಲಿ ಕಣ್ಣು ಮುಚ್ಚಿ ಗುನುಗುತ್ತಲೇ ನಿಂತೆ. ಅದು ಭಜನೆಯವರ ಡಬ್ಬಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಆಫೀಸಿಗೆ ಹೋಗುವವರೇ ದಿನಾ ರೈಲಿನ ಒಂದೇ ಡಬ್ಬಿಯಲ್ಲಿ ಸೇರಿ ತಾಳ ಹಿಡಿದು ಭಜನೆ ಮಾಡುತ್ತಾರೆ. ಅವರ ಮುಂದಾಳು ನನ್ನನ್ನು ಕೇಳಿಸಿಕೊಂಡು, ಕಾಕಾ, ಸ್ವಲ್ಪ ಜೋರಾಗಿ ಅನ್ನಿ ಎಂದು ಮರಾಠಿಯಲ್ಲಿ ಹೇಳಿದ. ಹಾಡು ಕೇಳುವವರು ಸಿಕ್ಕಿದ್ದು ಅದೇ ಮೊದಲು, ಜೋರಾಗಿಯೇ ಅಂದೆ. ಅವರು ಅದಕ್ಕೆ ತಾಳ ಹಾಕಿದರು, ವಿಠ್ಠಲನ ಹೆಸರು ಸೇರಿಸಿದರು, ನಿಧಾನ ಇದ್ದಲ್ಲಿ ಓಡಿಸಿದರು. ಬೈಕುಲ್ಲಾ ದಾಟುವಷ್ಟರಲ್ಲಿ ಇಡೀ ಡಬ್ಬಿ ಹಾಡುತ್ತಿತ್ತು, ನನಗೆ ಮೂಲ ಮರೆತೇಹೋಗಿತ್ತು. ಮುಂದಾಳು ಬೆನ್ನು ತಟ್ಟಿ, ನಾಳೆ ಇನ್ನೊಂದು ತನ್ನಿ ಎಂದ. ಇದ್ದೊಂದನ್ನೂ ಡಬ್ಬಿಯಲ್ಲಿ ಬಿಟ್ಟು ನಾನು ಇಳಿದೆ.

ಆಸ್ಪತ್ರೆಯ ಮೆಟ್ಟಿಲು

ಭಾನುವಾರ ಬರುವ ಮೊದಲೇ ಅಣ್ಣನಿಗೆ ಉಸಿರಾಟ ಕಷ್ಟವಾಗಿ, ಆಪರೇಷನ್ ಮುಂದಕ್ಕೆ ಹಾಕದೆ ಮಾಡಿಬಿಟ್ಟರು. ನಾವು ಮೂವರೂ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಧಾಟಿ ನೆನಪು ಮಾಡಿಕೊಂಡೆವು. ಮೂವರದು ಮೂರು ಥರ. ತರುಣನದು ಗ್ರೈಂಡರಿನ ಹಾಗಿತ್ತು. ಅಕ್ಕೋರಿಗೆ ಮೊದಲ ಸಾಲು ಮಾತ್ರ ನೆನಪಿತ್ತು. ನನ್ನದು ಭಜನೆಯವರು ಓಡಿಸಿದ್ದೇ, ಅದಕ್ಕಾದರೂ ತಲೆ, ಬಾಲ ಎರಡೂ ಇದ್ದವು ಎಂದು ಅದನ್ನೇ ಗಟ್ಟಿ ಮಾಡಿಕೊಂಡು ಒಳಗೆ ಹೋದೆವು.

ಅಣ್ಣನ ಕುತ್ತಿಗೆಗೆ ಬಿಳಿ ಪಟ್ಟಿ ಸುತ್ತಿದ್ದರು. ಮಾತಾಡುವಂತಿರಲಿಲ್ಲ. ದನಿ ಮರಳುತ್ತದೆಯೇ ಎಂದರೆ ಅವರ ಹೆಂಡತಿ ಹೊದಿಕೆ ಸರಿಪಡಿಸಿದರು. ನಾವು ಮಂಚದ ಸುತ್ತ ನಿಂತು ಮೆಲ್ಲಗೆ ಗುನುಗಿದೆವು. ಅಣ್ಣ ಕಣ್ಣು ಮುಚ್ಚಿಕೊಂಡರು. ನೀರು ಕಣ್ಣಿನಿಂದ ಕಿವಿಯ ಕಡೆಗೆ ಇಳಿಯಿತು. ಮುಗಿದ ಮೇಲೆ ಫೋನ್ ತೆಗೆದುಕೊಂಡು, ಏನೋ ಒತ್ತಿ ಅಕ್ಕೋರ ಕೈಗೆ ಕೊಟ್ಟರು. ಅಕ್ಕೋರು ಕನ್ನಡಕ ಹಾಕಿಕೊಂಡು ಓದಿದರು:

“ಭಾರೀ ಲಾಯ್ಕ ಉಂಟು. ಆದರೆ ಇದು ನನ್ನದಲ್ಲ.”

ನಾನು ನೆಲ ನೋಡಿದೆ. ತರುಣ ನನ್ನನ್ನು ನೋಡಿದ. ಅಕ್ಕೋರು ಮಾತ್ರ ಫೋನನ್ನು ಅಣ್ಣನ ಎದೆಯ ಮೇಲಿಟ್ಟು, ಮೂರನೇ ಕ್ಲಾಸಿನ ಮಕ್ಕಳಿಗೆ ಹೇಳುವ ಹಾಗೆ ಹೇಳಿದರು:

“ಪಾಸಾಗೇದ ರೀ. ತಕರಾರಿದ್ರ ಎದ್ದು ಬಂದು ಬಾಯಿಲೆ ಹಾಡಿ ತೋರಸ್ರಿ. ಅಲ್ಲೀತನಕ ಇದೇ ನಿಮ್ದು.”