ಅಮ್ಮ ಆಕಳಿಸಿದರೆ ಅಧ್ಯಾಯ ಔಟು!

ನಮ್ಮ ಪಕ್ಕದ ಮನೆಯಾಕೆಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಹೇಳುವುದಕ್ಕೆ ನಾನ್ಯಾರು? ಆದರೆ ಇಂಗ್ಲಿಷಿನ ಒಂದಕ್ಷರ ತಿಳಿಯದ ನನ್ನ ಅಮ್ಮನನ್ನು ಎದುರು ಕೂರಿಸಿಕೊಂಡು, ತಾನು ಬರೆದ ಇಂಗ್ಲಿಷ್ ಕಾದಂಬರಿಯನ್ನು ದಿನಕ್ಕೊಂದು ಅಧ್ಯಾಯದಂತೆ ಓದಿ, ಅಮ್ಮ ಆಕಳಿಸಿದ ಕಡೆಯೆಲ್ಲ ಕೆಂಪು ಪೆನ್ನಿನಲ್ಲಿ ಗೀಟು ಹಾಕಿಕೊಳ್ಳುವವರಿಗೆ ಏನೆನ್ನಬೇಕೋ ನೀವೇ ಹೇಳಿ!

ಆಕೆ ಕೊರಿಯನ್ ಮೂಲದವಳು, ಹುಟ್ಟಿ ಬೆಳೆದದ್ದು ಓಕ್ಲೆಂಡಿನಲ್ಲಿ. ಈಗ ಸ್ಯಾನ್ ರಮೋನಿನಲ್ಲಿ ನಮಗೂ ಆಕೆಗೂ ನಡುವೆ ಒಂದೇ ಬೇಲಿ. ಹದಿಹರೆಯದವರಿಗಾಗಿ ಕಾದಂಬರಿ ಬರೆಯುವುದು ಕಸುಬು. ಆರು ಪುಸ್ತಕ ಬಂದಿವೆ. ಅದಕ್ಕೆ ಮುಂಚೆ ಹಲ್ಲಿನ ಡಾಕ್ಟರು! ಕಷ್ಟಪಟ್ಟು ಓದಿ, ಎರಡು ವರ್ಷ ಜನರ ಬಾಯೊಳಗೆ ಇಣುಕಿ, ಒಂದು ದಿನ, "ಬಾಯಿ ತೆರೆದವರೆಲ್ಲ ಕತೆ ಹೇಳ್ತಾರೆ ಅಂದ್ಕೊಂಡಿದ್ದೆ, ಇವರು ಬರೀ ಆ ಆ ಅಂತಾರೆ" ಎಂದು ಬಿಟ್ಟು ಬಂದಳಂತೆ. (ಆಕೆ ಆಡುವುದೆಲ್ಲ ಇಂಗ್ಲಿಷು. ಕನ್ನಡ ಮಾಡುತ್ತಿರುವುದು ನಾನು.)

ವೃತ್ತಿ ಹೋದರೂ ಚಾಳಿ ಹೋಗಬೇಕಲ್ಲ? ಆಕೆಯ ಕಥಾನಾಯಕರ ಕಣ್ಣು, ಮೂಗು ಹೇಗಿವೆಯೋ ಕೊನೆಯವರೆಗೂ ಗೊತ್ತಾಗುವುದಿಲ್ಲ, ಹಲ್ಲಿನ ವರ್ಣನೆ ಮಾತ್ರ ಅರ್ಧ ಪುಟ! ಮಂಡ್ಯ ಕಡೆಯ ನಮ್ಮೂರಿನಿಂದ ಅಮ್ಮ ಆರು ತಿಂಗಳಿಗೆಂದು ಬಂದಾಗ, ಪರಿಚಯ ಮುಗಿಯುವ ಮೊದಲೇ ಆಕೆ ಬಗ್ಗಿ ಅಮ್ಮನ ದವಡೆ ಪರೀಕ್ಷಿಸಿದಳು. ಅಮ್ಮ ನನ್ನ ಕಡೆ ತಿರುಗಿ, "ಇವಳೇನೇ, ಸಂತೇಲಿ ಎತ್ತು ನೋಡ್ದಂಗೆ ನೋಡ್ತಾವ್ಳೆ?" ಎಂದಳು. ಆಕೆಗೆ ಅರ್ಥವಾಗಲಿಲ್ಲ. ಬಹಳ ಖುಷಿಯಿಂದ ನಕ್ಕಳು.

ಆಕೆ ಮಾತುಗಳನ್ನು ಸಂಗ್ರಹಿಸುವ ರೀತಿಯಂತೂ ಪೊಲೀಸರ ಕಣ್ಣಿಗೆ ಬೀಳಬೇಕಾದದ್ದು. ಒಮ್ಮೆ ಮಾಲಿನಲ್ಲಿ ಮೂವರು ಹುಡುಗಿಯರ ಹಿಂದೆ ಹಿಂದೆಯೇ ಹೋಗಿ, ಅವರ ಹರಟೆಯನ್ನು ಮುಂಗೈ ಮೇಲೆ ಬರೆದುಕೊಳ್ಳುತ್ತಿದ್ದಾಗ ಸೆಕ್ಯುರಿಟಿಯವನು ಹಿಡಿದ.

"ಇವರಲ್ಲಿ ನಿಮ್ಮ ಮಗಳು ಯಾರು ಮೇಡಂ?"

"ಇನ್ನೂ ತೀರ್ಮಾನ ಮಾಡಿಲ್ಲ" ಎಂದಳಂತೆ ಪುಣ್ಯಾತ್ಗಿತ್ತಿ!

ಆಮೇಲೆ ಮಾಲಿನ ಸಹವಾಸ ಬಿಟ್ಟು ನಮ್ಮ ಮನೆಗೇ ಗಂಟುಬಿದ್ದಳು. ನನಗೆ ಹದಿನೈದು ವರ್ಷದ ಮಗಳಿದ್ದಾಳೆ, ಅವಳಿಗೂ ನನಗೂ ದಿನಾ ಜಗಳವಿದೆ. ಇದಕ್ಕಿಂತ ಒಳ್ಳೆಯ ಮಾಲು ಎಲ್ಲಿ ಸಿಕ್ಕೀತು? ಆರನೆಯ ಪುಸ್ತಕ ಓದುತ್ತಾ ನನಗೆ ಮೈ ಉರಿಯಿತು. ನೇರ ಹೋಗಿ ಕೇಳಿದೆ.

"ಈ ಅರಚೋ ತಾಯಿ ನಾನೇ ತಾನೆ?"

"ಛೆ ಛೆ! ಅವಳು ಕೊರಿಯನ್ನು."

"ಮತ್ತೆ ಒದ್ದೆ ಟವೆಲ್ಲು ಹಾಸಿಗೆ ಮೇಲೆ ಹಾಕ್ಬೇಡ ಅಂತ ಹದಿನೇಳು ಸಲ ಯಾಕೆ ಕಿರುಚ್ತಾಳೆ?"

"ನೀವು ಇಪ್ಪತ್ತೊಂದು ಸಲ ಕಿರುಚಿದ್ರಿ. ನಾನೇ ಕಮ್ಮಿ ಮಾಡಿದೆ."

ನನ್ನ ಹಿಂದೆಯೇ ಬಂದಿದ್ದ ಮಗಳು "ಥ್ಯಾಂಕ್ ಯು!" ಎಂದು ಆಕೆಯ ಕೈ ಕುಲುಕಿದಳು. ನನಗೆ ಯಾರೂ ಏನೂ ಹೇಳಲಿಲ್ಲ.

ಕಿಮ್ಚಿಯ ಕತೆ ಬೇರೆ ಇದೆ. ಆಕೆ ಎಲೆಕೋಸಿನ ಆ ಹುಳಿ ಖಾರದ ಉಪ್ಪಿನಕಾಯಿಯನ್ನು ದೊಡ್ಡ ಜಾಡಿ ತುಂಬ ತಂದುಕೊಟ್ಟಳು. ಅಮ್ಮ ಬೆರಳಿನಲ್ಲಿ ನೆಕ್ಕಿ ನೋಡಿ, "ಪಾಪ, ಒಗ್ಗರಣೆ ಮರ್ತವ್ಳೆ" ಎಂದು ಎಣ್ಣೆ ಕಾಯಿಸಿ, ಸಾಸಿವೆ, ಇಂಗು ಸಿಡಿಸಿ ಜಾಡಿಗೇ ಸುರಿದುಬಿಟ್ಟಳು! ಹೊಗೆಯ ಅಲಾರಂ ಹೊಡೆದುಕೊಂಡಿತು, ಆಕೆಯೇ ಓಡಿಬಂದಳು. ಐದೂವರೆ ಸಾವಿರ ಮೈಲಿ ಆಚೆಯ ಅಜ್ಜಿಯರ ಕಾಲದಿಂದ ಬಂದ ಅಡುಗೆ ಕೆಟ್ಟಿತಲ್ಲ ಎಂದು ನಾನು ನಾಚಿಕೆಯಿಂದ ಕುಗ್ಗಿಹೋದೆ. ಆಕೆ ನಿಂತಲ್ಲೇ ಅರ್ಧ ಜಾಡಿ ಖಾಲಿ ಮಾಡಿ, ಇಂಗನ್ನು ಮೂಸಿ ನೋಡಿ, ಹೆಸರನ್ನು ಮುಂಗೈಗೆ ಬರೆದುಕೊಂಡು ಹೋದಳು.

ಅಮ್ಮನಿಗೆ ಓದಿ ಹೇಳುವ ಪದ್ಧತಿ ಶುರುವಾದದ್ದು ಅದರ ಮಾರನೆಯ ದಿನವೇ. ಅಮ್ಮನಿಗೆ ಅರ್ಥವಾಗುವುದಿಲ್ಲವಲ್ಲ ಎಂದರೆ, "ಅರ್ಥ ಆಗೋರು ಮರ್ಯಾದೆಗೆ ಚೆನ್ನಾಗಿದೆ ಅಂತಾರೆ. ನಿಮ್ಮಮ್ಮ ಸುಳ್ಳು ಹೇಳಲ್ಲ" ಎಂದಳು. ದಿನಾ ಮಧ್ಯಾಹ್ನ ಮೂರಕ್ಕೆ ಹಾಜರು. ಅಮ್ಮ ಅವರೆಕಾಯಿ ಸುಲಿಯುತ್ತಾ ಕೇಳುತ್ತಿದ್ದಳು. ಕೈ ನಿಂತರೆ ಆ ಪುಟ ಪಾಸು, ಆಕಳಿಸಿದರೆ ಔಟು. ಹುಡುಗ ಹುಡುಗಿ ಮುತ್ತು ಕೊಡುವ ಒಂದು ಪ್ರಸಂಗಕ್ಕೆ ಅಮ್ಮ ಗೊರಕೆಯನ್ನೇ ಹೊಡೆದಳು. ಆಕೆ ಏಳು ಪುಟ ಹರಿದು ಹಾಕಿದಳು.

ಹೀಗೆ ಏಳನೆಯ ಪುಸ್ತಕ ಕೊನೆಯ ಅಧ್ಯಾಯಕ್ಕೆ ಬಂದು ಸಿಕ್ಕಿಹಾಕಿಕೊಂಡಿತು. ಜಗಳವಾಡಿ ಮನೆ ಬಿಟ್ಟ ಹುಡುಗಿ ಬಹಳ ದಿನಗಳ ಮೇಲೆ ವಾಪಸು ಬರುತ್ತಾಳೆ. ತಾಯಿ ಬಾಗಿಲು ತೆರೆಯುತ್ತಾಳೆ. ಏನು ಹೇಳುತ್ತಾಳೆ? ಆಕೆ ನಾಲ್ಕು ಸಲ ಬರೆದಳು. ಒಂದರಲ್ಲಿ ತಾಯಿ ಕ್ಷಮೆ ಕೇಳಿದಳು, ಇನ್ನೊಂದರಲ್ಲಿ ಅಪ್ಪಿಕೊಂಡು ಅತ್ತಳು. ನಾಲ್ಕಕ್ಕೂ ಅಮ್ಮ ಆಕಳಿಸಿದಳು. ಪ್ರಕಾಶಕರು ದಿನಾ ಫೋನು ಮಾಡುತ್ತಿದ್ದರು, ಅಮ್ಮ ಊರಿಗೆ ಹೊರಡಲು ಮೂರೇ ದಿನವಿತ್ತು.

ಅವತ್ತು ಆಕೆ ನಮ್ಮ ಅಡುಗೆಮನೆಯಲ್ಲಿ ಸುಮ್ಮನೆ ಕೂತಳು. ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಮ್ಮಮ್ಮ ಬಟ್ಟೆ ಒಗೆದು ಇಸ್ತ್ರಿ ಮಾಡೋ ಅಂಗಡಿ ಇಟ್ಟು ನನ್ನನ್ನ ಡಾಕ್ಟರ್ ಮಾಡಿದ್ಲು. ನಾನು ಬಿಟ್ಟೆ. ಅವತ್ತಿಂದ ನನ್ನ ಕೆಲಸದ ಸುದ್ದಿ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನ ಬಿಳಿ ಕೋಟು ಮಾತ್ರ ಅವಳು ಕಣ್ಮುಚ್ಚೋವರೆಗೂ ಇಸ್ತ್ರಿ ಮಾಡಿ ಪ್ಲಾಸ್ಟಿಕ್ ಕವರಲ್ಲಿ ಇಟ್ಟಿದ್ಲು. ಅವಳಿಗೆ ಬರ್ತಿದ್ದದ್ದು ಅಂಗಡಿ ಇಂಗ್ಲಿಷು. ಅರ್ಥ ಆಗಲ್ಲ ಅಂತ ಒಂದು ಪುಟಾನೂ ಓದಿ ಹೇಳ್ಲಿಲ್ಲ ನಾನು."

ಆರು ತಿಂಗಳಿಂದ ಆಕೆಯನ್ನು ಗೇಲಿ ಮಾಡುತ್ತಿದ್ದ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅಮ್ಮ "ಏನಂತೆ?" ಎಂದಳು. ಆಕೆಯ ತಾಯಿಯ ವಿಷಯ ಹೇಳಲು ನಾಲಗೆ ಏಳದೆ, ಕತೆಯ ಕಷ್ಟವನ್ನಷ್ಟೇ ಹೇಳಿದೆ: ಮುನಿಸಿಕೊಂಡು ಹೋದ ಮಗಳು ಬಂದು ಬಾಗಿಲಲ್ಲಿ ನಿಂತಿದ್ದಾಳೆ, ತಾಯಿ ಏನನ್ನಬೇಕು?

ಅಮ್ಮ ಅವರೆಕಾಯಿಯಿಂದ ತಲೆಯೆತ್ತಲಿಲ್ಲ. "ಏನಂದಾಳು? 'ಬಾಗ್ಲ ಹಾಕ್ಕಂಡು ಒಳಿಕ್ ಬಾ, ಸೊಳ್ಳೆ ಬತ್ತವೆ' ಅಂತಾಳೆ."

ನಾನು ಅದನ್ನು ಇಂಗ್ಲಿಷು ಮಾಡಿದೆ. ಆಕೆ ಮೊದಲು ಜೋರಾಗಿ ನಕ್ಕಳು. ಆಮೇಲೆ ಮುಂಗೈ ಮೇಲೆ ಬರೆದುಕೊಳ್ಳಲು ಹೋದಳು, ಕಣ್ಣೀರು ಬಿದ್ದು ಶಾಯಿ ಹರಡಿಹೋಯಿತು.

ಅಮ್ಮ ಹೊರಡುವ ಬೆಳಿಗ್ಗೆ, ಆಕೆ ಸೂಟ್‌ಕೇಸುಗಳ ನಡುವೆ ನಿಂತುಕೊಂಡೇ ಕೊನೆಯ ಅಧ್ಯಾಯ ಓದಿದಳು. ಅಮ್ಮ ಆಕಳಿಸಲಿಲ್ಲ. ಮುಗಿದ ಮೇಲೆ ನನ್ನನ್ನು ಕೇಳಿದಳು: "ಆ ಹೆಣ್ಣು ಮನೆಗ್ ಬಂದ್ಲಾ?"

ಬಂದಳು ಎಂದೆ. ಅಮ್ಮ ಆಕೆಯ ಕೆನ್ನೆ ಸವರಿ ನೆಟಿಕೆ ಮುರಿದಳು. ಆಕೆ ಇನ್ನು ನಿಂತರೆ ಅತ್ತುಬಿಡುತ್ತೇನೆಂಬಂತೆ ಹಾಳೆಗಳನ್ನು ಎದೆಗವಚಿಕೊಂಡು ಓಡಿದಳು. ಬಾಗಿಲು ಪೂರ್ತಿ ತೆರೆದೇ ಇತ್ತು.

"ಏ ಮಗಾ! ಬಾಗ್ಲು!" ಎಂದು ಅಮ್ಮ ಕೂಗಿದಳು.

ಕನ್ನಡದ ಒಂದಕ್ಷರ ಬಾರದ ಆಕೆ ತಿರುಗಿ ಬಂದಳು, ಬಾಗಿಲು ಹಾಕಿದಳು. ಒಳಗಿನಿಂದ.