ಗೌರಮ್ಮನವರ ರೊಟ್ಟಿ ಪರೀಕ್ಷೆ

ಗೌರಮ್ಮನವರ ಬಲಗೈ ಮಣಿಕಟ್ಟು ಮುರಿದದ್ದು ಸಣ್ಣ ಮಾತು. ಅದೇ ನೆವದಲ್ಲಿ ಪಕ್ಕದ ಮನೆಯ ಕಾಶಿಬಾಯಿ ಅವರ ಅಡುಗೆಮನೆ ಹೊಕ್ಕು ಎರಡು ಹೊತ್ತೂ ಚಪಾತಿ ಲಟ್ಟಿಸತೊಡಗಿದ್ದು ದೊಡ್ಡ ಮಾತು. ವಿಜಯಪುರದ ಜೋಳದ ರೊಟ್ಟಿ ತಿಂದು ಬೆಳೆದ ಜೀವ ನಾಗಪುರದ ಲಕ್ಷ್ಮೀ ನಗರದಲ್ಲಿ ಕುರ್ಚಿಯ ಮೇಲೆ ಕೈಕಟ್ಟಿ ಕೂತು ಚಪಾತಿ ಅಗಿಯಬೇಕಾಯಿತು. ಪ್ಲಾಸ್ಟರ್ ಬಿಚ್ಚಿದರೂ ಬಿಡುಗಡೆಯಿಲ್ಲ.

"ಕೈ ನೆಟ್ಟಗಾಗೇತಿ ಅಂತ ಥೆರಪಿಸ್ಟ್ ರಿಪೋರ್ಟ್‌ನ್ಯಾಗ ಬರೀಲಿ, ಆಮ್ಯಾಲ ಹಂಚು ಮುಟ್ಟು," ಎಂದಿದ್ದ ರೈಲ್ವೆಯಲ್ಲಿದ್ದ ಮಗ ನಂದೀಶ.

ಅಂದು ಬೆಳಿಗ್ಗೆ ಥೆರಪಿಸ್ಟ್ ಸೌಜನ್ಯಾ ಬಂದಳು. ಕನ್ನಡದವರ ಮಗಳೇ, ಬೆಳೆದದ್ದು ಇಲ್ಲಿ. ಚೀಲದಿಂದ ತೂತು ತೂತಿನ ಹಲಗೆ, ಒಂದು ಹಿಡಿ ಮರದ ಮೊಳೆ ತೆಗೆದು ಅಡುಗೆಮನೆಯ ಮೇಜಿನ ಮೇಲಿಟ್ಟಳು.

"ಅಜ್ಜಿ, ಈ ಮೊಳೆಗಳನ್ನ ತೂತಲ್ಲಿ ಹಾಕಿ. ಜಲ್ದಿ."

ಮೊದಲನೆಯ ಮೊಳೆ ಉಪ್ಪಿನಕಾಯಿ ಜಾಡಿಗೆ ಬಿತ್ತು. ಎರಡನೆಯದು ಫ್ರಿಜ್ಜಿನ ಕೆಳಗೆ ಹೋಯಿತು.

"ಆರಾಮ್ ಬೇಕು ಇವರಿಗೆ," ಎಂದರು ಕಾಶಿಬಾಯಿ. "ದಿವಾಳಿ ಹಬ್ಬದ ತನಕ ಚಪಾತಿ ನಾನೇ ಮಾಡ್ತೀನಿ ನಾ."

ಸೌಜನ್ಯಾ ರಿಪೋರ್ಟಿನಲ್ಲಿ 'ಹಿಡಿತ ಸಾಲದು' ಎಂದು ಬರೆದಳು. ಗೌರಮ್ಮ ಅವಳ ಪೆನ್ನಿಗೆ ಎಡಗೈ ಅಡ್ಡ ಹಿಡಿದರು.

"ತಡಿ ಯವ್ವಾ. ಮೊಳಿ ಬೇಯಿಸಿ ತಿನ್ನೋರು ನಾವಲ್ಲ. ಜ್ವಾಳದ ಹಿಟ್ಟಿನ ಡಬ್ಬಿ ತಾ, ಆಮ್ಯಾಲ ಬರಿ."

ಕಾಶಿಬಾಯಿ ಲಟ್ಟಣಿಗೆ ಹಿಡಿದು ರೈಲ್ವೆ ಗೇಟಿನಂತೆ ಒಲೆಗೆ ಅಡ್ಡ ನಿಂತರು. ಗೌರಮ್ಮ ಬಗ್ಗಿ, ಕೆಳಗಿನಿಂದ ನುಸುಳಿದರು.

ಮೊದಲ ರೊಟ್ಟಿ ಹರಿಯಿತು. ಮುಂದಿನದರ ಅಂಚು ಮುರಿಯಿತು. ಕಾಶಿಬಾಯಿ ಲೊಚಗುಟ್ಟಿದರು. ಗೌರಮ್ಮ ತುಟಿ ಕಚ್ಚಿ ಮತ್ತೊಂದು ಉಂಡೆ ತೆಗೆದುಕೊಂಡು ಪಟಪಟನೆ ಬಡಿದರು. ರೊಟ್ಟಿ ಊಟದ ಗಂಗಾಳದಗಲ ಹರಡಿ, ಹಂಚಿನ ಮೇಲೆ ಉಬ್ಬಿ ನಿಂತಿತು.

ಸೌಜನ್ಯಾ ಬದನೆಕಾಯಿ ಪಲ್ಯದ ಜೊತೆ ಅದನ್ನು ತಿಂದು ಮುಗಿಸಿ, ಹಳೆಯ ಸಾಲು ಹೊಡೆದುಹಾಕಿ ಹೊಸದು ಬರೆದಳು: 'ರೊಟ್ಟಿ ಬಡಿಯುವಾಗ ಬೆರಳು, ಮಣಿಕಟ್ಟು, ಮೊಣಕೈ ಎಲ್ಲವೂ ಕೆಲಸ ಮಾಡುತ್ತವೆ. ಇದಕ್ಕಿಂತ ಒಳ್ಳೆಯ ವ್ಯಾಯಾಮವಿಲ್ಲ. ಅಡುಗೆಮನೆಯನ್ನು ಇವರಿಗೇ ಒಪ್ಪಿಸಬಹುದು.'

ಗೌರಮ್ಮ ಲಟ್ಟಣಿಗೆಯನ್ನು ಕಾಶಿಬಾಯಿಯ ಚೀಲಕ್ಕೆ ತಾವೇ ಹಾಕಿಕೊಟ್ಟರು. ಮಗನಿಗೆ ನೌಕರಿ ಸಿಕ್ಕ ದಿನವೂ ಅವರಿಗೆ ಅಷ್ಟು ಖುಷಿಯಾಗಿರಲಿಲ್ಲ.

ಸಂಜೆ ಕರೆಗಂಟೆ ಮೊಳಗಿತು. ಬಾಗಿಲಲ್ಲಿ ಸೌಜನ್ಯಾ. ಅವಳ ಹಿಂದೆ ಆರ್ಡ್‌ನನ್ಸ್ ಫ್ಯಾಕ್ಟರಿಯಿಂದ ನಿವೃತ್ತರಾದ ದೊಡ್ಡಯ್ಯ, ಅವರ ಹಿಂದೆ ಬಿಗಿದ ಬೆರಳಿನವರ ಒಂದು ದಂಡು.

"ಅಜ್ಜಿ, ನಿಮ್ಮ ರಿಪೋರ್ಟ್ ಓದಿ ನಮ್ಮ ಆಸ್ಪತ್ರೆ ದೊಡ್ಡ ಡಾಕ್ಟರ್ ಭಾಳ ಖುಷ್. ಇವರೆಲ್ಲರಿಗೂ ಅದನ್ನೇ ಬರೆದುಕೊಟ್ಟಿದ್ದಾರೆ. ರೋಜ್ ಸಂಜೆ ನಿಮ್ಮ ಮನೇಲಿ ರೊಟ್ಟಿ ಬಡೀಬೇಕು. ಅದು ಅವರ ವ್ಯಾಯಾಮ, ನೀವು ಕೈ ಹಾಕೋ ಹಾಗಿಲ್ಲ, ಕೂತು ಹೇಳಿಕೊಟ್ಟರೆ ಸಾಕು."

"ಇನ್ನ ನೀವಽ ನಮ್ಮ ಗುರುಗಳ್ರಿ," ಎಂದು ದೊಡ್ಡಯ್ಯ ಕೈಮುಗಿದರು.

ಗೌರಮ್ಮ ಹಂಚಿನ ಮೇಲಿನ ರೊಟ್ಟಿಯಂತೆಯೇ ಉಬ್ಬಿದರು. "ಬರ್ರಿ ಒಳಗ," ಎಂದುಬಿಟ್ಟರು.

ಕತ್ತಲಾಗುವಷ್ಟರಲ್ಲಿ ಡಬ್ಬಿಯ ಹಿಟ್ಟು ಖಾಲಿ, ಹಂಚು ಸೀದು ಕರಕಲು, ನೆಟ್ಟಗಿನ ರೊಟ್ಟಿ ಒಂದೂ ಇಲ್ಲ. ಅದೇ ಕುರ್ಚಿಯ ಮೇಲೆ ಗೌರಮ್ಮ ಕೈಕಟ್ಟಿ ಕೂತಿದ್ದರು. ಅಡುಗೆಮನೆಯ ಕಿಟಕಿಯಲ್ಲಿ ಕಾಶಿಬಾಯಿಯ ಮುಖ ಕಾಣಿಸಿತು.

"ಗೌರಾತಾಯಿ, ಚಪಾತಿ ಬಿಸಿ ಐತಿ. ಎಷ್ಟು ಕಳಿಸಲಿ?"