ಮಾಮಾ ಕಬೀರ್‌ಗೆ ಫೂಲ್

ಕಾಂತಪ್ಪನ ಸಂಸಾರಕ್ಕೆ ಕಲ್ಲು ಹಾಕಿದ್ದು ಒಂದೂವರೆ ಅಕ್ಷರದ ಒಂದು ಪದ. ಶುಕ್ರವಾರ ಬೆಳಿಗ್ಗೆ ಆರು ಗಂಟೆಗೆ, ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಅಬೂ ನಾಸೆರ್ ಕಳಿಸಿದ ವಾಯ್ಸ್ ಮೆಸೇಜಿನೊಳಗೆ ಕೂತುಕೊಂಡು ಅದು ವಫ್ರಾದ ಮಝ್ರಾಕ್ಕೆ ಬಂತು.

ಮಝ್ರಾ ಎಂದರೆ ತೋಟ. ಕುವೈತಿನ ತೆಂಕಣ ತುದಿಯ ಮರಳಿನಲ್ಲಿ ನಾಲ್ಕು ಎಕರೆ, ಒಂದಷ್ಟು ಖರ್ಜೂರದ ಮರ, ಬಲೆ ಹೊದೆಸಿದ ಟೊಮೆಟೊ ಸಾಲು, ಆಡು, ಕುರಿ, ಕೋಳಿ. ಅದನ್ನೆಲ್ಲ ನೋಡಿಕೊಳ್ಳುವವನು ಕಾಂತಪ್ಪ. ಹನ್ನೊಂದು ವರ್ಷ ಶುವೈಖ್‌ನ ಒಂದು ಗೋಡೌನಿನಲ್ಲಿ ತುಳು, ಕನ್ನಡ, ಹಿಂದಿಯಲ್ಲೇ ಕಾಲ ತಳ್ಳಿದ್ದ. ಗೋಡೌನ್ ಮುಚ್ಚಿದ ಮೇಲೆ ಕಳೆದ ವರ್ಷ ಇಲ್ಲಿ ಸೇರಿಕೊಂಡ. ಅವನ ಅರಬ್ಬಿ ಒಂದು ಕೈಯ ಬೆರಳುಗಳಲ್ಲಿ ಎಣಿಸಿ ಮುಗಿಯುವಷ್ಟು.

ಆದರೆ ಕಫೀಲನಿಗೆ ಹಿಂದಿ ಬರುತ್ತಿತ್ತು. ಬರುತ್ತದೆ ಎಂದು ಕಫೀಲ್ ನಂಬಿದ್ದ. ಅವನ ತಂದೆ ಹಿಂದೆ ಹಡಗಿನಲ್ಲಿ ಖರ್ಜೂರ ತುಂಬಿಸಿಕೊಂಡು ಬೊಂಬಾಯಿಗೆ ಹೋಗಿಬರುತ್ತಿದ್ದವನಂತೆ. ಆ ಅಭಿಮಾನಕ್ಕೆ ಮಗ ಹಿಂದಿ, ಅರಬ್ಬಿ ಎರಡನ್ನೂ ಒಂದೇ ಒರಳಿಗೆ ಹಾಕಿ ರುಬ್ಬುತ್ತಿದ್ದ. ರುಬ್ಬಿದ ಮೇಲೆ ಯಾವುದು ಅಕ್ಕಿ, ಯಾವುದು ಉದ್ದು ಎಂದು ಹೇಳುವುದು ಕಷ್ಟ.

"ಕಾಂತಾ, ಅಲ್ಯೋಮ್ ಮಾಮಾ ಕಬೀರ್ ಆತಾ. ನೌ ಬಜೇ. ಫೂಲ್ ಲಾಝಿಮ್. ಫೂಲ್ ವಾಜಿದ್. ಯಲ್ಲಾ."

ಕಾಂತಪ್ಪ ಮೂರು ಸಲ ಕೇಳಿಸಿಕೊಂಡ. ಮಾಮಾ ಕಬೀರ್ ಅಂದರೆ ದೊಡ್ಡಮ್ಮನವರು, ಕಫೀಲನ ತಾಯಿ. ಇವತ್ತು ಒಂಬತ್ತು ಗಂಟೆಗೆ ಬರುತ್ತಾರೆ. ಫೂಲ್ ಬೇಕೇ ಬೇಕು, ಬೇಕಾದಷ್ಟು ಬೇಕು.

"ಫೂಲ್ ಅಂದ್ರೆ ಹೂ ಅಲ್ವಾ?" ಎಂದು ಹೆಂಡತಿಯನ್ನು ಕೇಳಿದ.

"ಹೂವೇ. ಹಿಂದಿ ಸೀರಿಯಲ್ಲಿನಲ್ಲಿ ಎಷ್ಟು ಸಲ ಕೇಳಿಲ್ಲ ನಾನು?" ವಾರಿಜಾ ಕೋಳಿಗಳಿಗೆ ಕಾಳು ಚೆಲ್ಲುತ್ತ ಹೇಳಿದಳು. "ಮುದುಕಿ ಬರುವಾಗ ಹೂ ಹಿಡ್ಕೊಂಡು ನಿಲ್ಲಿ ಅಂತ ಇರ್ಬೇಕು. ತಿಂಡಿಗೆ ಎಂತದೂ ಹೇಳ್ಲಿಲ್ವಾ?"

"ತಿಂಡಿ ಅವರೇ ತರ್ತಾರೆ. ದೊಡ್ಡವರು."

ಕಾಂತಪ್ಪ ಇಷ್ಟು ತಲೆಕೆಡಿಸಿಕೊಳ್ಳಲು ಕಾರಣವಿತ್ತು. ವಾರಿಜಾಳ ವಿಸಿಟ್ ವೀಸಾ ಮುಗಿಯಲು ಇನ್ನು ಹನ್ನೆರಡೇ ದಿನ. "ಅವಳಿಗೂ ಇಕಾಮಾ ಹೊಡೆಸಿ ಕೊಡಿ ಬಾಬಾ, ಇಲ್ಲೇ ಕೆಲಸಕ್ಕೆ ಇರ್ತಾಳೆ" ಎಂದು ಆ ವಾಸದ ಪರವಾನಗಿಗಾಗಿ ಅವನು ತಿಂಗಳಿನಿಂದ ಕಫೀಲನ ಬೆನ್ನು ಬಿದ್ದಿದ್ದ. "ಮೊದಲು ಮಾಮಾ ನೋಡಲಿ" ಎಂದಿದ್ದ ಕಫೀಲ್. ಅರವತ್ತು ದಾಟಿದ್ದರೂ ಅವನು ತಾಯಿಯ ಮಾತು ಮೀರುವವನಲ್ಲ. ಆ ಮಾಮಾ ಇವತ್ತು ಬರುತ್ತಿದ್ದರು.

ಮದುವೆಯಾಗಿ ಹದಿನಾರು ವರ್ಷ. ರಜೆಗಳನ್ನೆಲ್ಲ ಕೂಡಿಸಿದರೆ ಗಂಡ ಹೆಂಡತಿ ಕುವೈತಿನ ಕಾಲದಲ್ಲಿ ಒಟ್ಟಿಗಿದ್ದದ್ದು ಎರಡು ವರ್ಷ ಇಲ್ಲ. ಮಕ್ಕಳಾಗಲಿಲ್ಲ. "ಆಗ್ಲಿಕ್ಕೆ ರಜೆ ಸಾಕಾಗ್ಲಿಲ್ಲ" ಎಂದು ವಾರಿಜಾ ತಮಾಷೆ ಮಾಡುತ್ತಾಳೆ.

ಆಗಸ್ಟಿನಲ್ಲಿ ಬಂದಿಳಿದಾಗ ಅವಳು ಬಿಸಿಗಾಳಿಗೆ ಕಂಗಾಲಾಗಿ, "ಇದು ಮನುಷ್ಯರು ಇರುವ ಜಾಗವಾ?" ಎಂದಿದ್ದಳು. ಸುಹೈಲ್ ನಕ್ಷತ್ರ ಮೂಡಿ ಸೆಕೆ ಇಳಿಯಿತು. ಅಕ್ಟೋಬರ್ ಮುಗಿಯುವ ಹೊತ್ತಿಗೆ ಬೆಳಿಗ್ಗೆ ಬದನೆ ಎಲೆಗಳ ಮೇಲೆ ಇಬ್ಬನಿ ಕಂಡಿತು. ಅವಳು ತಗಡಿನ ಎರಡು ಕೋಣೆಗಳನ್ನು ಮನೆ ಮಾಡಿದಳು. ಹಳೆ ನೀರಿನ ಪೈಪುಗಳಲ್ಲಿ ಚಪ್ಪರ ಕಟ್ಟಿ ಬಸಳೆ ಹಬ್ಬಿಸಿದಳು, ಎಣ್ಣೆ ಡಬ್ಬದಲ್ಲಿ ತುಳಸಿ ನೆಟ್ಟಳು. ಸಂಜೆ ಇಬ್ಬರೂ ಹೊರಗೆ ಕೂತಾಗ, "ಊರು ಯಾವ ದಿಕ್ಕಿಗೆ?" ಎಂದು ಕೇಳುವಳು. ಕಾಂತಪ್ಪ ದಿನಕ್ಕೊಂದು ಕಡೆ ಕೈ ತೋರಿಸುವನು. ಈಚೆಗೆ ಅವಳು ಕೇಳುವುದನ್ನೂ ಬಿಟ್ಟಿದ್ದಳು. ಅದಕ್ಕಿಂತ ದೊಡ್ಡ ಸುಖ ಕಾಂತಪ್ಪನಿಗೆ ಬೇಕಾಗಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಮಝ್ರಾದ ಪಂಪ್ ನೋಡಿಕೊಳ್ಳುವ ಕಾಸಿಂ ಕುಂಞಿ ಎಂದಿನಂತೆ ಚಾಯಕ್ಕೆ ಬಂದ. ಉಳ್ಳಾಲದ ಬ್ಯಾರಿ, ಕುವೈತಿಗೆ ಬಂದು ಇಪ್ಪತ್ತಾರು ವರ್ಷ. ಅವನಿಗೆ ಎಲ್ಲ ಗೊತ್ತು. ಗೊತ್ತಿಲ್ಲ ಎಂದು ಹೇಳುವುದು ಹೇಗೆ ಎಂಬುದೊಂದು ಮಾತ್ರ ಗೊತ್ತಿಲ್ಲ.

"ಕಾಸಿಮಾಕ, ಈ ಅರಬ್ಬಿ ಮುದುಕಿಯರಿಗೆ ಹೂ ಅಂದ್ರೆ ಅಷ್ಟು ಇಷ್ಟವಾ?" ಎಂದು ಕಾಂತಪ್ಪ ಕೇಳಿದ. ಫೂಲನ್ನು ಮೊದಲೇ ಹೂ ಮಾಡಿ ಕೇಳಿದ್ದೇ ತಪ್ಪಾಯಿತು.

"ಇಷ್ಟವಾ ಅಂತ ಕೇಳ್ತೀಯಲ್ಲ ಮಾರಾಯ. ಪನ್ನೀರು ಹಾಕದೆ ಒಂದು ಗ್ಲಾಸು ನೀರು ಕುಡಿಯುದಿಲ್ಲ ಅವರು. ಹೂ ಕಮ್ಮಿ ಆದ್ರೆ ಮರ್ಯಾದೆ ಕಮ್ಮಿ ಮಾಡಿದ ಹಾಗೆ. ನನ್ನ ಕಫೀಲನ ಅಜ್ಜಿಗೆ ಪಿಕಪ್ಪಿನಲ್ಲಿ ತರಿಸಿದ್ದು."

"ಇಲ್ಲಿ ಹೂ ಎಲ್ಲಿಂದ ತರುದು?"

ಕಾಸಿಂ ಕುಂಞಿ ಚಾಯದ ಗ್ಲಾಸನ್ನೇ ಚಾಚಿ ತೋರಿಸಿದ. ಪಡುವಣ ಬೇಲಿಯ ಬದಿಗೆ ಮೂರು ಸಾಲು ಸಿಹಿಗುಂಬಳದ ಬಳ್ಳಿ, ಬಳ್ಳಿಯ ತುಂಬ ಹಳದಿ ಹೂ. ಅದು ಕಫೀಲ್ ಆಸೆಪಟ್ಟು ಹಾಕಿಸಿದ ಈ ವರ್ಷದ ಮೊದಲ ಬೆಳೆ. ಕಾಂತಪ್ಪ ಹಿಂಜರಿದ.

"ಕುಂಬಳ ಇನ್ನೊಮ್ಮೆ ಆಗ್ತದೆ. ಇಕಾಮಾ ಇನ್ನೊಮ್ಮೆ ಆಗ್ತದಾ?" ಎಂದ ಕಾಸಿಂ.

ಇಬ್ಬರೂ ಬುಟ್ಟಿ ಹಿಡಿದು ಬಳ್ಳಿಗೆ ಇಳಿದರು. ಹೊತ್ತಿಗೆ ಸರಿಯಾಗಿ ಮಂಗಫ್‌ನಿಂದ ಊರ ಕಡೆಯ ಬೊನವೆಂಚರ್ ಪೊರ್ಬು ಕಾರಿನಲ್ಲಿ ಬಂದ. ರಿಫೈನರಿಯಲ್ಲಿ ಕೆಲಸ, ಶುಕ್ರವಾರ ಇಲ್ಲಿಂದ ತಾಜಾ ತರಕಾರಿ ಒಯ್ಯುವುದು ರೂಢಿ. ಚರ್ಚಿನ ಹಬ್ಬಗಳಿಗೆ ಅಲಂಕಾರದ ಉಸ್ತುವಾರಿ ಅವನದೇ ಆದ್ದರಿಂದ, ಸಂಗತಿ ಕೇಳಿದ್ದೇ ತಡ, ಅಂಗಿಯ ತೋಳು ಮಡಚಿದ.

"ಗೇಟಿಗೆ ಕಟ್ಟಿದ್ರೆ ಯಾರು ನೋಡ್ತಾರೆ? ಮೊಂತಿ ಹಬ್ಬಕ್ಕೆ ಚರ್ಚಿನಲ್ಲಿ ಮಕ್ಕಳು ಮಾತೆಗೆ ಹೂ ಹಾಕುದು ನೋಡಿದ್ದೀರಲ್ಲ? ಹಾಗೇ ಮಾಡುವ. ಕಾರಿನಿಂದ ಇಳಿಯುವಾಗ ಎರಡು ಬದಿಯಿಂದ ಹೂವಿನ ಮಳೆ."

"ಪೊರ್ಬುಗಳೇ, ಗಂಡು ಹೂ ಮಾತ್ರ ಕೊಯ್ಯಿರಿ," ವಾರಿಜಾ ಅಡಿಗೆಮನೆಯಿಂದ ಕೂಗಿದಳು. "ಹೆಣ್ಣು ಹೂ ಕೊಯ್ದ್ರೆ ಕಾಯಿ ಆಗುದಿಲ್ಲ."

ಬೊನವೆಂಚರನಿಗೆ ಹೂವಿನಲ್ಲಿ ಗಂಡು ಹೆಣ್ಣು ಇರುವುದೇ ಅವತ್ತು ಗೊತ್ತಾದದ್ದು. ಅವನ ಬುಟ್ಟಿ ಎಲ್ಲರಿಗಿಂತ ಮೊದಲು ತುಂಬಿತು. ಎಂಟೂವರೆಗೆ ಮೂರು ಸಾಲು ಬಳ್ಳಿಯೂ ಬೋಳಿಸಿದ ಕುರಿಯಂತೆ ಬಿದ್ದಿತ್ತು.

ಕಾಂತಪ್ಪ ಒಳಗೆ ಹೋಗಿ ಒಂದು ಹೂವನ್ನು ವಾರಿಜಾಳ ಮುಡಿಗೆ ಸಿಕ್ಕಿಸಿದ. ಇಲ್ಲಿಗೆ ಬಂದ ಮೇಲೆ ಅವಳು ಹೂ ಮುಡಿದದ್ದೇ ಇಲ್ಲ.

"ಕುಂಬಳ ಹೂ ಮುಡಿದ್ರೆ ಊರಲ್ಲಿ ನಗ್ತಾರೆ," ಎಂದಳು.

"ಇಲ್ಲಿ ನಗ್ಲಿಕ್ಕೆ ಯಾರುಂಟು?"

ಅವಳು ಹೂವನ್ನು ತೆಗೆಯಲಿಲ್ಲ. "ಇಕಾಮಾ ಆದ್ರೆ ಒಂದು ಮಲ್ಲಿಗೆ ಗಿಡ ತರಿಸುವ," ಎಂದು ಮೆಲ್ಲಗೆ ಹೇಳಿದಳು.

ಒಂಬತ್ತಕ್ಕೆ ಸರಿಯಾಗಿ ದೊಡ್ಡ ಬಿಳಿ ಕಾರು ಬಂತು. ಡ್ರೈವರ್ ಸಫೀರ್ ಉಪ್ಪಳದವನು. ಅವನು ಹಿಂದಿನ ಬಾಗಿಲು ತೆರೆದ. ಮಾಮಾ ಕಬೀರ್ ಕೋಲೂರಿ ಇಳಿದದ್ದೇ, ಬೊನವೆಂಚರ್ "ಹೂಂ" ಎಂದ. ಎರಡೂ ಬದಿಯಿಂದ ಹಿಡಿ ಹಿಡಿ ಕುಂಬಳ ಹೂ ಮುದುಕಿಯ ಕಪ್ಪು ಅಬಾಯದ ಮೇಲೆ ಬಿತ್ತು. ಬೆಳಗಿನ ಕುಂಬಳ ಹೂವಿನೊಳಗೆ ಜೇನುನೊಣ ಇರುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ. ಎರಡು ನೊಣ ಹೊರಬಿದ್ದವು. ಒಂದು ಹಾರಿಹೋಯಿತು. ಇನ್ನೊಂದು, ಆಚೆ ಬಾಗಿಲಿನಿಂದ ಇಳಿದು ತಾಯಿಯ ಕೈ ಹಿಡಿಯಲು ಬಂದ ಕಫೀಲನ ಕಿವಿಗೆ ಕಚ್ಚಿತು.

ಕಫೀಲ್ ಕಿವಿ ಹಿಡಿದುಕೊಂಡು, "ಫೂಲ್ ವೇನ್?" ಎಂದು ಗುಡುಗಿದ.

ಫೂಲ್ ಎಲ್ಲಿ ಎಂದರೆ ಏನು ಹೇಳುವುದು? ಕಾಂತಪ್ಪ ವಿನಯದಿಂದ ನೆಲ ತೋರಿಸಿದ. ಕಫೀಲ್ ಬಾಯಿಗೆ ಕೈ ಒಯ್ದು ತಿನ್ನುವ ಹಾಗೆ ಮಾಡಿ ತೋರಿಸಿದ. ಕಾಂತಪ್ಪ ಇನ್ನೊಂದು ಬುಟ್ಟಿ ಹೂ ತಂದು ಎದುರಿಗಿಟ್ಟ.

ಸಫೀರ್ ಹಣೆ ಚಚ್ಚಿಕೊಂಡ. "ಎಂತ ಕಾಂತಪ್ಪಣ್ಣ ಇದು! ಅರಬ್ಬಿಯಲ್ಲಿ ಫೂಲ್ ಅಂದ್ರೆ ಬೇಯಿಸಿದ ಕಾಳು. ಅವರ ಬೆಳಗಿನ ತಿಂಡಿ. ಮಾಮಾಗೆ ಸಕ್ಕರೆ ಕಾಯಿಲೆ, ಇಲ್ಲಿ ಫೂಲ್ ಉಂಟು ಅಂತ ಬಾಬಾ ಹೇಳಿದ್ದಕ್ಕೆ ಖಾಲಿ ಹೊಟ್ಟೆಯಲ್ಲಿ ಬಂದಿದ್ದಾರೆ."

"ನೀನು ಹೂ ಅಂತ ಕೇಳಿದ್ದು," ಎಂದ ಕಾಸಿಂ ಕುಂಞಿ, ಒಂದು ಹೆಜ್ಜೆ ಹಿಂದೆ ಸರಿದು. "ಫೂಲ್ ಅಂತ ಹೇಳಿದ್ರೆ ನನಗೆ ಗೊತ್ತಿತ್ತು." ಬೊನವೆಂಚರನಿಗೆ ತಟ್ಟನೆ ಬೆಂಡೆಕಾಯಿ ಕೊಯ್ಯುವ ನೆನಪಾಯಿತು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎನ್ನುತ್ತಾರೆ. ಆ ಗಾದೆ ಕಟ್ಟಿದವನು ಕಪ್ಪು ಅಬಾಯದ ಮೇಲೆ ಹಳದಿ ಹೂ ಹೊತ್ತು ಹಸಿದು ನಿಂತ ಮಾಮಾ ಕಬೀರ್ ಅವರನ್ನು ನೋಡಬೇಕಿತ್ತು. ಅದೇ ಹೊತ್ತಿಗೆ ಕಫೀಲನ ಕಣ್ಣು ಪಡುವಣ ಬೇಲಿಯ ಕಡೆಗೆ ಹೊರಳಿತು. ಬೋಳು ಬಳ್ಳಿಗಳನ್ನು ಎರಡು ನಿಮಿಷ ನೋಡಿದ. "ಖಲಾಸ್," ಎಂದ. "ಇಕಾಮಾ ಮಾಫಿ. ಮದಾಮ್ ಹಿಂದ್ ರೂಹ್."

ಅದಕ್ಕೆ ಸಫೀರನ ಅನುವಾದ ಬೇಕಾಗಲಿಲ್ಲ. ಇಕಾಮಾ ಇಲ್ಲ, ಹೆಂಡತಿಗೆ ಊರೇ ಗತಿ. ಕಾಂತಪ್ಪ ಖರ್ಜೂರದ ಬುಡದಲ್ಲಿ ಕುಸಿದು ಕೂತ. ಹನ್ನೆರಡು ದಿನವಾದ ಮೇಲೆ ಆ ಬಸಳೆಗೆ ನೀರು ಹಾಕಿ ಒಬ್ಬನೇ ಉಣ್ಣಬೇಕು.

ಅಡಿಗೆಮನೆಯ ಕಿಟಕಿಯಿಂದ ವಾರಿಜಾ ಎಲ್ಲ ನೋಡಿದ್ದಳು. ಅವಳಿಗೆ ಭಾಷೆ ತಿಳಿಯಲಿಲ್ಲ, ಮುದುಕಿಯ ಹಸಿವು ತಿಳಿಯಿತು. ಉಳಿದ ಬುಟ್ಟಿಯನ್ನು ಒಳಗೆ ಎಳೆದುಕೊಂಡಳು. ಹೂಗಳನ್ನು ಕೊಡವಿ ತೊಳೆದು, ನಡುವಿನ ಕಡ್ಡಿ ಚಿವುಟಿ, ಕಡಲೆಹಿಟ್ಟಿಗೆ ಮೆಣಸಿನ ಹುಡಿ, ಇಂಗು, ಚಿಟಿಕೆ ಓಮ ಹಾಕಿ ಕಲಸಿ, ಅದ್ದಿ ಅದ್ದಿ ಎಣ್ಣೆಗೆ ಬಿಟ್ಟಳು. ಹತ್ತು ನಿಮಿಷದಲ್ಲಿ ತಟ್ಟೆ ತುಂಬ ಕುಂಬಳ ಹೂವಿನ ಪೋಡಿ ಹೊರಗೆ ಬಂತು, ಜೊತೆಗೆ ಸಕ್ಕರೆ ಇಲ್ಲದ ಚಾಯ.

ಮಾಮಾ ಕಬೀರ್ ಒಂದನ್ನು ಮುರಿದು ಮೂಸಿದರು. ತಿಂದರು. ಇನ್ನೊಂದು ತಿಂದರು. ಕಫೀಲ್ ಒಂದಕ್ಕೆ ಕೈ ಹಾಕಿದಾಗ ಅವನ ಕೈಗೆ ಕೋಲಿನಿಂದ ಮೆಲ್ಲನೆ ತಟ್ಟಿದರು. ಹನ್ನೊಂದನೆಯದು ಮುಗಿದ ಮೇಲೆ ಮಗನ ಕಡೆ ತಿರುಗಿ ಉದ್ದಕ್ಕೆ ಏನೋ ಹೇಳಿದರು. ಕಫೀಲ್ ಊದಿದ ಕಿವಿ ನೀವಿಕೊಳ್ಳುತ್ತ ತಲೆಯಾಡಿಸಿದ.

"ಆಯ್ತು ಕಾಂತಪ್ಪಣ್ಣ," ಎಂದ ಸಫೀರ್. "ಇಕಾಮಾ ಗ್ಯಾರಂಟಿ. ನಾಡಿದ್ದೇ ಕಾಗದ ಕೊಡ್ತಾರಂತೆ."

ಬೊನವೆಂಚರ್ ಬೆಂಡೆ ಸಾಲಿನಿಂದ ಓಡಿ ಬಂದ. "ಹೂವಿನ ಮಳೆ ನಾನು ಹೇಳಿದ್ದಲ್ವಾ?" ಎಂದ. "ಬಳ್ಳಿ ತೋರಿಸಿದ್ದು ಯಾರು?" ಎಂದ ಕಾಸಿಂ. ಕಾಂತಪ್ಪನಿಗೆ ಯಾರ ಮಾತೂ ಕೇಳಿಸಲಿಲ್ಲ. ಅವನು ಮನಸ್ಸಿನಲ್ಲೇ ಮಲ್ಲಿಗೆಗೆ ಗುಂಡಿ ತೋಡುತ್ತಿದ್ದ.

"ಹಾಗಾದ್ರೆ ಬ್ಯಾಗ್ ಕಟ್ಲಿಕ್ಕೆ ಹೇಳಿ," ಎಂದ ಸಫೀರ್.

"ಬ್ಯಾಗ್ ಯಾಕೆ?"

"ಅಡಿಗೆಗೆ ಸಿಟಿ ಮನೆಗೇ ಬೇಕಂತೆ. ಇವತ್ತಿನಿಂದಲೇ." ಸಫೀರ್ ಕಾಂತಪ್ಪನನ್ನು ಕಾರಿನ ಮರೆಗೆ ಎಳೆದು ದನಿ ತಗ್ಗಿಸಿದ. "ಇನ್ನೊಂದುಂಟು. ಗಂಡ ಇಲ್ಲೇ ಇರುವ ಅಡಿಗೆಯವಳು ಮಾಮಾಗೆ ಆಗುದಿಲ್ಲ. ಹಿಂದಿನವಳು ಗಂಡನನ್ನು ನೋಡಿ ಬರ್ತೇನೆ ಅಂತ ಹೋದವಳು ವಾಪಸು ಬರ್ಲಿಲ್ಲ. ಅದಕ್ಕೆ ಬಾಬಾ ಈಗ, ಇವಳ ಗಂಡ ಊರಲ್ಲಿದ್ದಾನೆ ಅಂತ ಹೇಳಿಬಿಟ್ಟಿದ್ದಾರೆ. ಮಾಮಾ ಇರುವಾಗ ನೀವು ಸ್ವಲ್ಪ ಸಂಭಾಳಿಸ್ಬೇಕು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕಾಂತಪ್ಪ ಒಳಗೆ ಹೋಗಿ ವಾರಿಜಾಳಿಗೆ ಎಲ್ಲ ಹೇಳಿದ. ಅವಳು ಕೈಯ ಹಿಟ್ಟು ತೊಳೆದುಕೊಂಡಳು.

"ಬೇಡ ಅಂದ್ರೆ ಹನ್ನೆರಡು ದಿನ. ಆಮೇಲೆ ವರ್ಷಕ್ಕೊಮ್ಮೆ," ಎಂದಳು. "ಹೋದ್ರೆ ಶುಕ್ರವಾರ ಶುಕ್ರವಾರ ಇವರೊಟ್ಟಿಗೆ ಬರ್ಬಹುದು. ಮಾತಾಡ್ಲಿಕ್ಕೆ ಆಗದಿದ್ರೂ ಕಣ್ಣಿಗೆ ಕಾಣ್ತೀರಿ."

"ನೀನು ಹೇಳಿದ ಹಾಗೆ," ಎಂದ ಕಾಂತಪ್ಪ.

ಹೆಂಡತಿಯ ಬ್ಯಾಗನ್ನು ಅವನೇ ಡಿಕ್ಕಿಯಲ್ಲಿಟ್ಟ. ಕೆಲಸದವನ ಹಾಗೆ ಬದಿಗೆ ನಿಂತ. ವಾರಿಜಾ ಮುಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತಳು. ಅವಳಿಗೆ ಕೈ ಬೀಸುವಂತಿರಲಿಲ್ಲ ಎಂದು ಅವನು ಮಾಮಾ ಕಬೀರ್‌ಗೇ ಕೈ ಬೀಸಿದ. ಕಾರು ಧೂಳೆಬ್ಬಿಸಿ ಹೋಯಿತು. ಕಾಸಿಂ ಕುಂಞಿ, ಬೊನವೆಂಚರ್ ಇಬ್ಬರಿಗೂ ಆಗ ಬೇರೆ ಕೆಲಸ ನೆನಪಾಯಿತು, ಹೊರಟರು.

ಕಾಲು ಗಂಟೆಯಲ್ಲಿ ಫೋನ್ ಬಂತು.

"ಓಯ್," ವಾರಿಜಾಳ ದನಿ ಪಿಸುಗುಡುತ್ತಿತ್ತು. "ಮಾಮಾ ಕಬೀರ್ ನಿಮ್ಮ ವಿಷಯವೇ ಮಾತಾಡ್ತಿದ್ದಾರಂತೆ, ಸಫೀರ್ ಹೇಳಿದ. ಆ ಹೂ ಹಾಕಿದವನು ಒಳ್ಳೆಯವನು, ಪಾಪ ಒಬ್ಬನೇ ಇದ್ದಾನೆ, ಅವನಿಗೆ ಹೆಂಡತಿ ಇಲ್ವಾ ಅಂತ ಕೇಳ್ತಾರೆ. ಫೋನ್ ಮಾಡಿ ಕೇಳು ಅಂತ ನನಗೇ ಹೇಳಿದ್ರು. ಎಂತ ಹೇಳ್ಲಿ?"

"ಉಂಟು ಅಂತ ಹೇಳು."

"ಎಲ್ಲಿದ್ದಾಳೆ ಅಂತ ಕೇಳಿದ್ರೆ?"

ಕಾಂತಪ್ಪ ಬಸಳೆ ಚಪ್ಪರದ ಕಡೆ ನೋಡಿದ. "ಊರಲ್ಲಿ ಅಂತ ಹೇಳು," ಎಂದ.

ಹನ್ನೆರಡು ವರ್ಷದಿಂದ ಕೇಳಿದವರಿಗೆಲ್ಲ ಹೇಳಿ ಹೇಳಿ ಬಾಯಿಪಾಠವಾಗಿದ್ದ ಮಾತು ಅದು. ಹೇಳುವಾಗ ಇಷ್ಟು ಸಂಕಟ ಯಾವತ್ತೂ ಆಗಿರಲಿಲ್ಲ.